ನೀರಿನ ಲೋಟಕ್ಕೂ ಒಂದು ಥ್ಯಾಂಕ್ಸ್

ಈ ಏಪ್ರಿಲ್‌ಗೆ ನನ್ನ ಆನ್‌ಲೈನ್ ಗಣಿತ ಕ್ಲಾಸಿಗೆ ಐದು ವರ್ಷ ತುಂಬಿತು. 2020ರಲ್ಲಿ ಲಾಕ್‌ಡೌನ್ ಬಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತಲ್ಲ, ಮಕ್ಕಳು ಕಲಿತದ್ದನ್ನು ಮರೆಯದಿರಲಿ ಅಂತ ಕಲ್ಯಾಣಪುರದ ನಮ್ಮ ಮನೆಯ ಊಟದ ಮೇಜಿನಲ್ಲಿ ಶುರು ಮಾಡಿದ್ದು. ಜೂನ್ 25ಕ್ಕೆ ಪರೀಕ್ಷೆ ಶುರುವಾಯಿತು, ಮುಗಿಯಿತು. ಕ್ಲಾಸು ಮಾತ್ರ ನಿಲ್ಲಲಿಲ್ಲ. ಈಗ ಕುಂದಾಪುರ, ಕಾರ್ಕಳದ ಮಕ್ಕಳ ಜೊತೆ ಶಾರ್ಜಾದ ಒಬ್ಬ ಹುಡುಗನೂ ಇದ್ದಾನೆ. ನಮಗೆ ರಾತ್ರಿ ಏಳೂವರೆ ಆದಾಗ ಅವನಿಗೆ ಸಂಜೆ ಆರು.

ಥ್ಯಾಂಕ್ಸ್ ಹೇಳುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಎರಡು ವರ್ಷ ನಾನು ಭಾರೀ ಚೆನ್ನಾಗಿ ಪಾಠ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮಕ್ಕಳು ಉತ್ತರ ಕೊಡದಿದ್ದರೆ ಅದು ಅವರದ್ದೇ ತಪ್ಪು. ಕ್ಯಾಮೆರಾ ಆಫ್ ಮಾಡಿ ಮಲಗಿರ್ತಾರೆ, ಅಷ್ಟೇ.

ಈ ಜಂಬ ಇಳಿಸಿದ್ದು ಹಿಂದೆ ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಮಾಸ್ಟ್ರು. "ನಿಮ್ಮ ಕ್ಲಾಸ್ ರೆಕಾರ್ಡ್ ಮಾಡಿ ನೀವೇ ನೋಡಿ ಟೀಚರ್. ಓಡಿಸಬಾರದು, ಪೂರ್ತಿ ನೋಡಬೇಕು" ಅಂದರು. ವರ್ಗ ಸಮೀಕರಣದ ಪಾಠ, 45 ನಿಮಿಷ. ಅದೊಂದು ಶಿಕ್ಷೆ ಮಾರಾಯ್ರೆ! "ಅರ್ಥ ಆಯ್ತಲ್ವಾ?" ಅಂತ 31 ಸಲ ಕೇಳಿದ್ದೆ. ಒಮ್ಮೆಯೂ ಉತ್ತರಕ್ಕೆ ಕಾದಿರಲಿಲ್ಲ. "ಮೂಲಗಳು ಸಮ ಆಗುವುದು ಯಾವಾಗ?" ಅಂತ ಕೇಳಿ, ಉಸಿರು ಬಿಡದೆ "ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ ಸೊನ್ನೆ ಆದಾಗ" ಅಂತ ನಾನೇ ಹೇಳಿಬಿಟ್ಟಿದ್ದೆ. ಮಕ್ಕಳ ಮಾತನ್ನೆಲ್ಲ ಕೂಡಿಸಿದರೆ ಮೂರು ನಿಮಿಷವೂ ಇಲ್ಲ.

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರು ಅಂತ ಆಮೇಲೆ ಓದಿದೆ. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುವುದು ಸುಮಾರು ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರು ಕಡಿಮೆಯಾಗುತ್ತಾರೆ. ಅದು ಎದುರೆದುರು ಕೂತ ಕ್ಲಾಸಿನ ಲೆಕ್ಕ. ನಮ್ಮಲ್ಲಿ ಮ್ಯೂಟ್ ತೆಗೆಯಲಿಕ್ಕೇ ಮೂರು ಸೆಕೆಂಡು ಬೇಕು.

ಕೊಲ್ಲೂರು ಕಡೆಯ ಒಬ್ಬ ಹುಡುಗಿಯ ಅಮ್ಮ ಅದೇ ವಾರ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. "ಮಗಳು ಉತ್ತರ ಹೇಳ್ತಾಳೆ ಟೀಚರ್, ಅಷ್ಟರಲ್ಲಿ ನೀವು ಮುಂದಿನ ಲೆಕ್ಕಕ್ಕೆ ಹೋಗಿರ್ತೀರಿ." ಮನೆಯೊಳಗೆ ನೆಟ್‌ವರ್ಕ್ ಸಿಗದೆ ಆ ಹುಡುಗಿ ಅಡಿಕೆ ತೋಟದ ಅಂಚಿನಲ್ಲಿ ಕೂರುತ್ತಿದ್ದಳಂತೆ. ನಾನು ಯಾರನ್ನು ಮಲಗಿದ್ದಾಳೆ ಅಂದುಕೊಂಡಿದ್ದೆನೋ ಅವಳೇ ಇವಳು. ಆ ಅಮ್ಮನಿಗೆ ಫೋನಿನಲ್ಲಿ ಕ್ಷಮೆ ಕೇಳಿದ್ದೆ. ಥ್ಯಾಂಕ್ಸ್ ಹೇಳಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಇನ್ನು ನಮ್ಮ ಅತ್ತೆ. ಒಂದು ಕಾಲದಲ್ಲಿ ಬೀಡಿ ಕಟ್ಟಿ ಮನೆ ನಡೆಸಿದವರು, ಯಕ್ಷಗಾನ, ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಅಂದರೆ ಪ್ರಾಣ. ಪಕ್ಕದ ಕೋಣೆಯಲ್ಲಿ ಕೂತು ನನ್ನ ಕ್ಲಾಸನ್ನು ದಿನವೂ ಕೇಳಿಸಿಕೊಳ್ಳುತ್ತಿದ್ದರು. ನಾನು ರೆಕಾರ್ಡಿಂಗ್ ನೋಡಿ ತಲೆ ಮೇಲೆ ಕೈ ಹೊತ್ತು ಕೂತಾಗ ತುಳುವಿನಲ್ಲಿ ಅಂದರು: "ತಾಳಮದ್ದಳೆಯಲ್ಲಿ ಪದ ಹಾಡುವ ಭಾಗವತರೇ ಅರ್ಥವನ್ನೂ ಹೇಳಿದರೆ, ಮಾತಾಡುವ ಅರ್ಥಧಾರಿಗಳು ಎಂತಕ್ಕೆ ಬರಬೇಕು?" ಉಪಾಯವೂ ಅವರದ್ದೇ. ಪ್ರಶ್ನೆ ಕೇಳಿದ ಕೂಡಲೇ ಒಂದು ಗುಟುಕು ನೀರು ಕುಡಿ. ಬಾಯಲ್ಲಿ ನೀರಿದ್ದರೆ ಮಾತಾಡಲಿಕ್ಕೆ ಆಗುವುದಿಲ್ಲ, ಅಲ್ವಾ?

ಮೊದಲ ದಿನ ಕುಡಿದು ಕಾದೆ. ಸದ್ದೇ ಇಲ್ಲ. ಕೊನೆಗೆ ಶಾರ್ಜಾದ ಹುಡುಗ, "ಟೀಚರ್, ಸ್ಟಕ್ ಆಗಿದ್ದೀರಾ?" ಎಂದ. ಎಲ್ಲರೂ ನಕ್ಕರು. ಆಮೇಲೆ ಕೊಲ್ಲೂರಿನ ಹುಡುಗಿ ನಿಧಾನಕ್ಕೆ ಉತ್ತರ ಹೇಳಿದಳು. ಸರಿ ಇತ್ತು.

ಕ್ಲಾಸ್ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯುವ ಅಭ್ಯಾಸವೂ ಇದೆ. ಮಕ್ಕಳು ಎಲ್ಲಿ ಸಿಕ್ಕಿಕೊಂಡರು, ನಾನು ಏನು ಮಾಡಿದೆ, ನಾಳೆ ಏನು ಬದಲಿಸುವುದು. ದಿನಾ ಬರೆಯುತ್ತೇನೆ ಅಂದರೆ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದ ದಿನ ಜಾಸ್ತಿ ಬರೆದಿದ್ದೇನೆ! ಈಗಲೂ ತಿಂಗಳಿಗೊಂದು ರೆಕಾರ್ಡಿಂಗ್ ಆ ಮಾಸ್ಟ್ರಿಗೆ ಹೋಗುತ್ತದೆ. ಹೊಗಳಿ ಒಂದು ಸಾಲೂ ಬಂದದ್ದಿಲ್ಲ. ಮಾಸ್ಟ್ರೇ, ಅದಕ್ಕೇ ನಿಮಗೆ ದೊಡ್ಡ ನಮಸ್ಕಾರ.

ಜೂನ್‌ನಲ್ಲಿ ಹೊಸ ಬ್ಯಾಚ್ ಶುರು. ಈ ಸಲ ಲೋಟ ಸಾಕಾಗುವುದಿಲ್ಲ ಅಂತ ಅತ್ತೆ ಅಟ್ಟದಿಂದ ಹಳೆಯ ತಾಮ್ರದ ಚೊಂಬು ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಾರೆ.