ಕೊಡಗಿನ ಕಾಫಿಗೂ ಬಂದರಿನ ಹಳಿ ಸಿಗಲಿ

ಮಾನ್ಯರೇ,

ಕೊಡಗಿಗೆ ರೈಲು ಬೇಕೇ ಎಂಬ ಮಾತು ಬಂದಾಗಲೆಲ್ಲ ಪ್ರಯಾಣಿಕರ ಚರ್ಚೆಯೇ ಜಾಸ್ತಿ. ಸರಕಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಕಾಫಿ ಹಡಗು ಹತ್ತುವ ಬಂದರುಗಳಲ್ಲಿ ಮಂಗಳೂರೂ ಒಂದು ಅಲ್ವಾ?

ಅಲ್ಲಿಗೆ ರೈಲು ಬಂದದ್ದು 1907ರಲ್ಲಿ, ಕೇರಳದ ಕಡೆಯಿಂದ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಆಯಿತು. ಸರಕಿನ ದಾರಿ ಊರಿನ ಉತ್ತರಕ್ಕೆ ತಿರುಗಿತು. ಹಾಸನದಿಂದ ಸಕಲೇಶಪುರದ ಘಾಟಿ ಇಳಿದ ಗೂಡ್ಸ್ ಗಾಡಿ ಈಗ ಪಡೀಲು ಕಡೆಯಿಂದ ಜೋಕಟ್ಟೆಗೆ ಹೋಗುತ್ತದೆ. ಅಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಪಣಂಬೂರಿಗೆ, ಇನ್ನೊಂದು ತೋಕೂರಿನಲ್ಲಿ ಕೊಂಕಣ ರೈಲಿಗೆ. ಘಾಟಿಯಲ್ಲಿ ಬ್ರಾಡ್‌ಗೇಜ್ ಆದಾಗ, 2006ರಲ್ಲಿ, ಮೊದಲು ಓಡಿದ್ದೂ ಗೂಡ್ಸ್ ಗಾಡಿಯೇ.

2018ರ ಮಳೆಗೆ ಮಡಿಕೇರಿಯಿಂದ ಮಂಗಳೂರಿನ ಕಡೆ ಇಳಿಯುವ ಸಂಪಾಜೆ ರಸ್ತೆ ಕುಸಿದು ಲಾರಿಗಳು ನಿಂತುಹೋದವು. ಘಾಟಿಯ ಹಳಿ ಮೇಲೂ ಗುಡ್ಡ ಜಾರುತ್ತದೆ, ನಿಜ. ಆದರೂ ಎರಡು ದಾರಿ ಇರುವುದು ಒಳ್ಳೆಯದೇ. ನಮ್ಮ ಕಾಡು ಕಡಿದು ಹೊಸ ಹಳಿ ಹಾಕುವುದು ಬೇಡವೇ ಬೇಡ. ಸಕಲೇಶಪುರ ನಿಲ್ದಾಣದಲ್ಲಿ ಕಾಫಿ ಮೂಟೆ ನೆನೆಯದಂತೆ ಒಳ್ಳೆಯ ಗೋದಾಮು, ಕಂಟೇನರ್ ತುಂಬಲು ಜಾಗ ಕೊಡಲಿ. ಸೋಮವಾರಪೇಟೆ, ಶನಿವಾರಸಂತೆ ಬೆಳೆಗಾರರಿಗೆ ಅದು ಹತ್ತಿರ. ರೈಲ್ವೆ ಮತ್ತು ಕಾಫಿ ಮಂಡಳಿ ಒಟ್ಟಿಗೆ ಕೂತು ಇದನ್ನು ನೋಡಬೇಕು.

– ಕಾಫಿ ಬೆಳೆಗಾರ, ಸೋಮವಾರಪೇಟೆ