ಫಾರ್ಮ್ಯಾಟ್‌ಗೆ ಮುನ್ನ ರಿಸ್ಟೋರ್ ಮಾಡಿ ನೋಡಿ

ಮಾನ್ಯ ಸಂಪಾದಕರೇ,

ಪ್ರಿಂಟರ್ ಡ್ರೈವರ್ ಹಾಕಿದ ಮರುದಿನ ಕಂಪ್ಯೂಟರ್ ತಡವರಿಸಿದರೆ ಸಾಕು, ‘ಫಾರ್ಮ್ಯಾಟ್ ಮಾಡಿಬಿಡಿ’, ಅಂದರೆ ಡಿಸ್ಕನ್ನೇ ಅಳಿಸಿ ಹೊಸದಾಗಿ ಶುರುಮಾಡಿ ಎಂಬ ಸಲಹೆ ಸಿದ್ಧ. ನೆಗಡಿ ಬಂತೆಂದು ಮೂಗು ಕೊಯ್ದಂತೆ ಇದು. ವಿಂಡೋಸ್‌ನಲ್ಲಿ 2000ರ ಮಿಲೇನಿಯಂ ಆವೃತ್ತಿಯಿಂದಲೂ ಸಿಸ್ಟಮ್ ರಿಸ್ಟೋರ್ ಇದೆ. ಮೊದಲೇ ಉಳಿಸಿಟ್ಟ ಸ್ಥಿತಿಗೆ (ರಿಸ್ಟೋರ್ ಪಾಯಿಂಟ್‌ಗೆ) ವಿಂಡೋಸನ್ನು ಮರಳಿಸುವ ಸೌಲಭ್ಯ ಇದು. ಆದರೆ ವಿಂಡೋಸ್ 10, 11ರ ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿರುತ್ತದೆ. ಕೆಟ್ಟ ಮೇಲೆ ಆನ್ ಮಾಡಿ ಫಲವಿಲ್ಲ.

ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಸಿ ಡ್ರೈವ್ ಆರಿಸಿ, ಕಾನ್ಫಿಗರ್ ಒತ್ತಿ ರಕ್ಷಣೆಯನ್ನು ಆನ್ ಮಾಡಬೇಕು. ಡಿಸ್ಕ್‌ನ ಶೇ 5ರಷ್ಟು ಜಾಗ ಕೊಡಿ. ಕಡಿಮೆಯಾದರೆ ಹಳೆಯ ಪಾಯಿಂಟ್‌ಗಳು ತಾವಾಗಿ ಅಳಿಯುತ್ತವೆ. ಹಿಂದಕ್ಕೆ ಹೋಗುವಾಗ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಒತ್ತಿದರೆ ಯಾವ ತಂತ್ರಾಂಶ ಹೋಗುತ್ತದೆ, ಯಾವುದು ಮರಳುತ್ತದೆ ಎಂಬ ಪಟ್ಟಿ ಸಿಗುತ್ತದೆ. ಪತ್ರ, ಫೋಟೊಗಳಿಗೆ ಧಕ್ಕೆಯಿಲ್ಲ. ಅಳಿಸಿಹೋದ ಫೋಟೊ ಇದರಿಂದ ಮರಳುವುದೂ ಇಲ್ಲ, ಅದಕ್ಕೆ ಬ್ಯಾಕಪ್ಪೇ ಬೇಕು.

ರಿಸ್ಟೋರ್ ಅರ್ಧಕ್ಕೆ ವಿಫಲವಾದರೆ ಹಲವು ಬಾರಿ ಆಂಟಿವೈರಸ್ ಕಾರಣ. ಅತ್ಯಗತ್ಯ ತಂತ್ರಾಂಶಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಮತ್ತೆ ಯತ್ನಿಸಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಅದನ್ನು ತೆರೆಯುವ 48 ಅಂಕಿಯ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಕೆಲಸ ನಡೆಯುವಾಗ ವಿದ್ಯುತ್ ಹೋಗಬಾರದು. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರಲಿ, ಡೆಸ್ಕ್‌ಟಾಪ್ ಯುಪಿಎಸ್‌ನಲ್ಲಿರಲಿ.

– ಕಂಪ್ಯೂಟರ್ ದುರಸ್ತಿಗಾರ, ದಾವಣಗೆರೆ