ಪೆನ್ನು ಅವರ ಕೈಯಲ್ಲೇ ಇರಲಿ

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊದಲ ವರ್ಷದ ಬಿ.ಕಾಂ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಕೆಲಸ ನಿನಗೆ ಬಂದಿದೆಯೆಂದು ನಿಮ್ಮಪ್ಪ ಹೇಳಿದ. ಆರು ವಾರ, ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ. ಹೊತ್ತು ಸಾಲದೆಂದು ಹೆದರಿ ಬೋರ್ಡಿನ ಮುಂದೆ ನಿಂತು ಪಾಠ ಒಪ್ಪಿಸಬೇಡ ಮಗಳೇ. ಪಾಠ ಅವರಿಗೆ ಕ್ಲಾಸಿನಲ್ಲೇ ಆಗಿದೆ. ಯಾರ ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದು ಹುಡುಕುವುದು ನಿನ್ನ ಕೆಲಸ. ಪೆನ್ನು ನೀನು ತೆಗೆದುಕೊಂಡರೆ ಆ ಸಾಲು ನಿನಗೆ ಕಾಣುವುದೇ ಇಲ್ಲ.

ಮೊದಲ ದಿನ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಡು. ಇಪ್ಪತ್ತು ನಿಮಿಷ, ಕ್ಯಾಲ್ಕುಲೇಟರ್ ಬೇಡ, ಅಂಕವೂ ಬೇಡ. ರಫ್ ವರ್ಕ್ ಅದೇ ಹಾಳೆಯಲ್ಲಿ, ಅಳಿಸದೆ ಮಾಡಲಿ. 0.3 × 0.2 ಎಷ್ಟು? ಒಂದು ಚದರ ಮೀಟರಿಗೆ ಎಷ್ಟು ಚದರ ಸೆಂಟಿಮೀಟರ್? ಮೊದಲನೆಯದಕ್ಕೆ 0.6, ಎರಡನೆಯದಕ್ಕೆ 100 ಎಂದು ಬರೆದವರ ಹಾಳೆ ಬೇರೆ ಎತ್ತಿಡು. ಸರಿಯುತ್ತರ 0.06 ಮತ್ತು 10,000.

3x = 12 ಕೊಟ್ಟರೆ x = 9 ಎಂದು ಬರೆಯುವವರೂ ಇರುತ್ತಾರೆ. ದಡ್ಡತನ ಎನ್ನಬೇಡ. ‘ಆ ಕಡೆ ಹೋದರೆ ಪ್ಲಸ್ಸು ಮೈನಸ್ಸಾಗುತ್ತೆ’ ಎಂದು ಬಾಯಿಪಾಠ ಮಾಡಿದ ಹುಡುಗ 3ನ್ನು ಆ ಕಡೆ ಸಾಗಿಸಿ ಮೈನಸ್ ಹಾಕಿದ್ದಾನೆ, ಅಷ್ಟೆ. ಅವನ ಕೈಯಲ್ಲೇ ಒಂದು ತಕ್ಕಡಿ ಬರೆಸು: ಒಂದು ತಟ್ಟೆಯಲ್ಲಿ ಒಂದೇ ತೂಕದ ಮೂರು ಪೊಟ್ಟಣ, ಇನ್ನೊಂದರಲ್ಲಿ 12 ಕೆ.ಜಿ. ಒಂದು ಪೊಟ್ಟಣದ ತೂಕ ಎಷ್ಟೆಂದು ಕೇಳು. ನಾಲ್ಕು ಎಂದು ಬಾಯಲ್ಲೇ ಹೇಳುತ್ತಾನೆ. ಹೇಗೆ ಬಂತು ಎಂದು ಕೇಳಿ, ಅವನು ಹೇಳಿದ್ದನ್ನೇ ಸಮೀಕರಣದ ಕೆಳಗೆ ಬರೆಸು. ಆಮೇಲೆ ಎರಡು ವಾರ ‘ಆ ಕಡೆ’ ಎಂಬ ಮಾತನ್ನೇ ಆಡಗೊಡಬೇಡ.

ಬಿ.ಕಾಂನವರಿಗೆ ನಿಜವಾದ ತೊಡಕು ಶೇಕಡಾವಾರಿನದು. 18% ಜಿಎಸ್‌ಟಿ ಸೇರಿ ಬಿಲ್ಲು ₹1,180. ಮೂಲ ಬೆಲೆ ಎಷ್ಟು? ತುಂಬ ಮಂದಿ 1,180ರ ಮೇಲೆ 18% ತೆಗೆದು, ₹212.40 ಕಳೆದು, ₹967.60 ಎನ್ನುತ್ತಾರೆ. ಗುಣಾಕಾರವೆಲ್ಲ ಸರಿಯಾಗಿದೆ, ಹಿಡಿದ ಮೂಲ ಮಾತ್ರ ತಪ್ಪು. ತೆರಿಗೆ ಬಿದ್ದದ್ದು ಮೂಲ ಬೆಲೆಯ ಮೇಲೆ, ಬಿಲ್ಲಿನ ಮೇಲಲ್ಲ. ತಪ್ಪೆಂದು ನೀನೇ ಹೇಳಬೇಡ, 967.60ಕ್ಕೆ 18% ಸೇರಿಸಿ ನೋಡಲು ಹೇಳು. ₹1,141.77 ಬರುತ್ತದೆ, ₹1,180 ಬರುವುದಿಲ್ಲ. 1.18ರಿಂದ ಭಾಗಿಸಿದರೆ ₹1,000 ಎಂಬುದು ಆಗ ತಾನಾಗಿ ಹೊಳೆಯುತ್ತದೆ. ಬಡ್ಡಿ ದರ 8ರಿಂದ 10ಕ್ಕೆ ಏರಿದರೆ ಏರಿಕೆ 2 ಶೇಕಡಾ ಅಂಶ, ಅಂದರೆ ಎರಡು ದರಗಳ ನೇರ ವ್ಯತ್ಯಾಸ, ಆದರೆ ಹಳೆಯ ದರಕ್ಕೆ ಹೋಲಿಸಿದರೆ 25%. ಇಲ್ಲೂ ತೊಡಕು ಅದೇ. ‘ಯಾವುದರ ಮೇಲೆ ಶೇಕಡಾ?’ ಎಂಬ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡು, ಆರು ವಾರವೂ ಒರೆಸಬೇಡ.

ಹಿಂದುಳಿದವರ ಕ್ಲಾಸು ಎಂಬ ಹೆಸರು ಬಿದ್ದರೆ ಕೆಲಸ ಕೆಟ್ಟಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬುವರು ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಏಕೆ ಸೋಲುತ್ತಾರೆಂದು ಹತ್ತಿರದಿಂದ ನೋಡಿದರು. ಆ ವಿದ್ಯಾರ್ಥಿಗಳು ಗಂಟೆಗಟ್ಟಲೆ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಹಾಗಾಗಿ ಟ್ರೈಸ್‌ಮನ್ ಸುಲಭದ ಪುನರಾವರ್ತನೆ ಬಿಟ್ಟು, ಗುಂಪಾಗಿ ಬಿಡಿಸುವ ಕಠಿಣ ಲೆಕ್ಕಗಳನ್ನು ಕೊಟ್ಟರು. ಫಲಿತಾಂಶ ಬದಲಾಯಿತು. ನೀನೂ ನಾಲ್ಕು ನಾಲ್ಕು ಮಂದಿಯನ್ನು ಕೂಡಿಸು, ಗುಂಪಿಗೆ ಒಂದೇ ಹಾಳೆ ಕೊಡು, ಬರೆಯುವವರು ಪ್ರತಿ ಲೆಕ್ಕಕ್ಕೂ ಬದಲಾಗಲಿ. ಐವರಾದರೆ ಒಬ್ಬ ಕಿಟಕಿ ನೋಡುತ್ತಾನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಏಳಕ್ಕೋ ಎಂಟಕ್ಕೋ ಯಾರಾದರೂ ಬಾಯಿಬಿಡುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರನ್ನು ಬೇರೆಯಾಗಿ ಗಮನಿಸು. ಛೇದ, ಲ.ಸಾ.ಅ., ಅನುಪಾತ ಎಂದರೆ ಥಟ್ಟನೆ ಹೇಳುವ ಹುಡುಗಿ ‘ಡಿನಾಮಿನೇಟರ್’ ಎಂದೊಡನೆ ತಲೆ ತಗ್ಗಿಸುತ್ತಾಳೆ. ಅವಳಿಗೆ ಲೆಕ್ಕ ಗೊತ್ತು, ಪದ ಗೊತ್ತಿಲ್ಲ. ಎರಡೂ ಪದಗಳನ್ನು ಅಕ್ಕಪಕ್ಕ ಬರೆದ ಒಂದು ಪಟ್ಟಿ ಮೊದಲ ವಾರವೇ ಎಲ್ಲರ ಕೈಯಲ್ಲಿರಲಿ.

ಕಾಲೇಜು ಮುಗಿದ ಮೇಲಿನ ಹೊತ್ತು ಬೇಡ. ಹಳ್ಳಿಯಿಂದ ಬರುವವರಿಗೆ ಬಸ್ಸು ತಪ್ಪುತ್ತದೆ, ಎರಡನೇ ವಾರಕ್ಕೆ ಅವರೇ ಮಾಯವಾಗುತ್ತಾರೆ. ಬೆಳಗಿನ ಮೊದಲ ಪೀರಿಯಡ್ಡಿಗೂ ಮುಂಚಿನ ಹೊತ್ತು ಕೇಳಿ ನೋಡು. ಇಂಟರ್ನಲ್ಸ್ ಹತ್ತಿರ ಬಂದಾಗ ಅಸೈನ್‌ಮೆಂಟ್ ಬರೆದುಕೊಡಿ ಅಕ್ಕಾ ಎಂದು ಬರುತ್ತಾರೆ. ಎಲ್ಲಿ ನಿಂತಿತೋ ಅಲ್ಲಿಯವರೆಗೆ ಬರೆದು ತಂದವರಿಗೆ ಮಾತ್ರ ಕೂತು ಹೇಳಿಕೊಡು. ಬರಿಗೈಯಲ್ಲಿ ಬಂದವರಿಗೆ ಖಾಲಿ ಹಾಳೆ ಕೊಟ್ಟು, ಮೊದಲ ಸಾಲು ಬರೆಯುವವರೆಗೆ ಪಕ್ಕದಲ್ಲೇ ಇರು.

ಹಾಜರಿಯ ಜೊತೆ ತಪ್ಪುಗಳಿಗೂ ಒಂದು ನೋಟ್‌ಬುಕ್ ಇಡು: ಹೆಸರು, ತಪ್ಪಿದ ಸಾಲು, ಅದರ ಹಿಂದಿನ ಯೋಚನೆ. ಮೊದಲ ದಿನದ ಹಾಳೆಗಳು ಕೈಗೆ ಬಂದ ಮೇಲೆ ಫೋಟೋ ತೆಗೆದು ಕಳಿಸು, ಹೆಸರು ಮುಚ್ಚಿ. ಎರಡನೇ ವಾರದ ಲೆಕ್ಕಗಳನ್ನು ಅವನ್ನು ನೋಡಿಕೊಂಡೇ ಸಿದ್ಧಮಾಡೋಣ.

ಇಂತು,
ನಿನ್ನ ದೊಡ್ಡಪ್ಪ